ಕಡೇ ನೀರು

ಬಾಟಲಿ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು:
ಹಚ್ಚಿ ಬಿಡಿ. ತೊಳೆಯಬೇಡಿ.
ಮೂರು ಸಲ ಓದಿದೆ.
ತಲೆಗೆ ಬಿದ್ದದ್ದನ್ನೆಲ್ಲ ತೊಳೆದೇ ಬೆಳೆದವಳು ನಾನು.
ಸೀಗೆಕಾಯಿ, ಕಡಲೆಹಿಟ್ಟು,
ಒಂದು ಸಲ ಹೇನಿಗೆಂದು ಸೀಮೆಎಣ್ಣೆ.

ನಮ್ಮ ಓಣಿಯ ಬೋರಿನ ನೀರು ಗಡಸು.
ಬಕೀಟಿನ ಅಂಚಿಗೆ ಸುಣ್ಣ ಕಟ್ಟುತ್ತದೆ,
ನೊರೆ ಬರುವ ಮೊದಲೇ ಸೋಪು ಸೋಲುತ್ತದೆ.
ಆ ನೀರು ಬಿದ್ದ ನನ್ನ ಗುಂಗುರು ಕೂದಲು
ಒಣಗಿದರೆ ತೆಂಗಿನ ನಾರು.
"ಜಾಲಿಗಿಡ ಬಂತು ನೋಡ್ರೇ" ಅನ್ನುತ್ತಿದ್ದರು ಶಾಲೆಯಲ್ಲಿ.
ಹೊನ್ನೂರಮ್ಮ ಅನ್ನೋ ಹೆಸರು
ಹಾಜರಿ ಪುಸ್ತಕಕ್ಕಷ್ಟೇ.

ಈಗ ಕೌಲ್ ಬಜಾರದ ಸಂದಿಯಲ್ಲಿ
ಹನ್ನೆರಡು ಮಿಷಿನ್ನಿನ ಜೀನ್ಸ್ ಯೂನಿಟ್ಟು.
ನಾನು ದಾರ ಕತ್ತರಿಸುವವಳು.
ನೂರಾ ಎಂಬತ್ತು ಪ್ಯಾಂಟು ಆದರೆ ಸಂಜೆ ಆದಂತೆ.
ರೆಪ್ಪೆಯಲ್ಲಿ ನೀಲಿ ಧೂಳು, ಮೂಗಲ್ಲಿ ನೀಲಿ,
ಸುರುಳಿ ಸುರುಳಿಯೊಳಗೆ ಹೊಕ್ಕು ಕೂತ ನೀಲಿ ಹಿಂಜು.
ಎರೆದುಕೊಂಡ ದಿನ ಬಚ್ಚಲ ನೀರು ಕಂಡು
ಅತ್ತೆ ಕೇಳಿದ್ದುಂಟು,
"ಶಾಯಿ ಚೆಲ್ಲಿದ್ಯೇನಬೇ?"

ಬಾಟಲಿ ಕೊಟ್ಟವಳು ಕಾಜಾ ಹೊಲಿಯುವ ಜೈತುನ್‌ಬಿ.
ಅರ್ಧ ಖಾಲಿ. "ನಂಗೆ ಒಗ್ಗಲಿಲ್ಲ, ನಿನ್ನ ತಲೀಗೆ ಬೇಕಿದು."
ಹದಿನೈದು ದಿನ ಸಕ್ಕರೆ ಡಬ್ಬಿಯ ಹಿಂದಿಟ್ಟೆ.
ತೊಳೆಯದೆ ಬಿಟ್ಟರೆ ಏನಾದೀತು?
ಅವ್ವ ಫೋನಿನಲ್ಲಿ ನಕ್ಕಳು:
"ಎಣ್ಣಿ ಹಚ್ಚಿ ಕೂಡ್ಲೇ ತೊಳಿತೀಯೇನು?"
ಎಣ್ಣೆ ಬೇರೆ ಅಂದೆ.
ಹೆಂಗೆ ಬೇರೆ ಅಂತ ಹೇಳಲು ಬರಲಿಲ್ಲ.

ಕೊನೆಗೆ ಕೇಳಿದ್ದು ಯರ್ರಿಸ್ವಾಮಿಯನ್ನು.
ವಾಶಿಂಗ್ ಶೆಡ್ಡಿನಿಂದ ಗಂಟು ಇಳಿಸುತ್ತಿದ್ದ,
ಮೊಣಕೈತನಕ ನೀಲಿ.
"ಪ್ಯಾಂಟಿಗೆ ಭಾಳ ನೀರು ಹಾಕ್ತೀವಕ್ಕಾ.
ಗಂಜಿ ಬಿಡಿಸಾಕೊಂದು, ಬಣ್ಣ ಇಳಿಸಾಕೊಂದು,
ಕಲ್ಲು ಹಾಕಿ ಉಜ್ಜಾಕೊಂದು. ಎಲ್ಲಾ ಚೆಲ್ಲಿಬಿಡೋದೇ.
ಕಡೇ ನೀರಿಗೆ ಮೆತ್ತಗೆ ಮಾಡೋ ಔಷಧಿ.
ಅದನ್ನ ಮಾತ್ರ ಜಾಲಿಸಂಗಿಲ್ಲ.
ಹಂಗೇ ಹಿಂಡಿ ಒಣಗಿಸ್ತೀವಿ.
ಇಲ್ಲಾಂದ್ರ ಪ್ಯಾಂಟಲ್ಲ ಅದು, ತಗಡು."

ಎಷ್ಟು ಸಾವಿರ ಮಡಚಿರಬಹುದು ಈ ಕೈಯಲ್ಲಿ,
ಯಾರದೋ ಮೊಣಕಾಲಿಗೆ ಮೆತ್ತಗಿರಲೆಂದು.

ಭಾನುವಾರ ಮಾಳಿಗೆ ಮೇಲೆ,
ಎದುರಿಗೆ ಬಳ್ಳಾರಿ ಗುಡ್ಡ ಕಾಯುತ್ತಾ ಇತ್ತು ಹಂಚಿನಂತೆ.
ಕೂದಲಿನ್ನೂ ತೊಟ್ಟಿಕ್ಕುವಾಗಲೇ
ಅಂಗೈಗೆ ಶೇಂಗಾ ಬೀಜದಷ್ಟು ಬೆಳ್ಳನೆಯದು.
ಬುಡಕ್ಕಲ್ಲ, ತುದಿಗೆ.
ಬಾಚಣಿಗೆ ಬೇಡ, ಬೆರಳು ಸಾಕು.
ತುಂಬಿದ ಚೆಂಬು ಪಕ್ಕದಲ್ಲೇ ಇತ್ತು,
ಕೈ ಎರಡು ಸಲ ಅದರತ್ತ ಹೋಯಿತು.
ಮೂರನೇ ಸಲ ಎತ್ತಿ
ಡಬ್ಬಿಯ ಬಸಳೆ ಬಳ್ಳಿಗೆ ಸುರಿದೆ.

ಸೋಮವಾರ ಕತ್ತರಿ ಹಿಡಿದು ಬಗ್ಗಿದಾಗ
ಒಂದು ಸುರುಳಿ ಹಣೆಗಿಳಿಯಿತು.
ಊದಿ ಸರಿಸಿದೆ, ಮತ್ತೆ ಬಂತು.
ಮಧ್ಯಾಹ್ನದ ಹೊತ್ತಿಗೆ ಅದರ ಮೇಲೂ ನೀಲಿ.
ಕೂತಿರಲಿ.
ಇವತ್ತು ತೊಳೆಯುವುದಿಲ್ಲ.