ಏಳಕ್ಕೆ ಒಂದು

ಮೊರಮಂಗದ ಸಂಗ್ರಹ ಕೇಂದ್ರದಲ್ಲಿ
ತಕ್ಕಡಿ ನನ್ನದು, ಲೆಕ್ಕದ ಪುಸ್ತಕ ನನ್ನದು,
ಎಲೆ ಮಾತ್ರ ಅವರದು.
ಏಳು ಕಿಲೋ ಹಸಿ ಒಂದೆಲಗ
ನೆರಳಿನ ತಟ್ಟಿಯ ಮೇಲೆ ಮಲಗಿ
ನಾಲ್ಕು ದಿನಕ್ಕೆ ಒಂದು ಕಿಲೋ.
ಉಳಿದ ಆರು ಎಲ್ಲಿ ಹೋಯಿತು?
ಹೊಸಬರು ಕೇಳುತ್ತಾರೆ, ನನ್ನ ಜೇಬು ನೋಡುತ್ತಾರೆ.
ಗಾಳಿಗೆ ಹೋಯಿತು ಎನ್ನುತ್ತೇನೆ.
ಯಾರೂ ನಂಬುವುದಿಲ್ಲ.

ರಸುವಾಜಾನ ಕೇಳಿದವಳಲ್ಲ.
ಎಪ್ಪತ್ತೆರಡೋ ಎಪ್ಪತ್ತನಾಲ್ಕೋ,
ಹುಟ್ಟಿದ ವರ್ಷ ಚಂಡಮಾರುತದ್ದು, ಅಷ್ಟೇ ಗೊತ್ತು.
ರೈಲು ಹಳಿಯಾಚೆಯ ಜೌಗಿನಲ್ಲಿ
ನಸುಕಿನಿಂದ ಕುಕ್ಕುರುಗಾಲು.
ಬೇರಿಗೆ ನೋವಾಗದಂತೆ ಚಿವುಟುತ್ತಾಳೆ,
ಹೆಬ್ಬೆರಳ ಉಗುರು ಭಾನುವಾರವೂ ಹಸಿರು.
ಸೊಸೆ ಪಶ್ಚಿಮ ಕರಾವಳಿಯವಳು;
ಬಿಸಿಲಿಗೆಂದು ಮರದ ತುಂಡು ತೇಯ್ದು
ಅತ್ತೆಯ ಮುಖಕ್ಕೆ ಹಳದಿ ಗಂಧ ಬಳಿದು ಕಳಿಸುತ್ತಾಳೆ.
ಮಧ್ಯಾಹ್ನದ ಹೊತ್ತಿಗೆ ಅದು ಒಣಗಿ ಬಿರಿಯುತ್ತದೆ,
ಬಿರುಕಿನ ಕೆಳಗೆ ಅವಳ ಸ್ವಂತದ ಬಿರುಕು.
ಯಾವುದು ಇವತ್ತಿನದು, ಯಾವುದು ಹಳೆಯದು,
ಮುಖ ತೊಳೆದ ಮೇಲಷ್ಟೇ ತಿಳಿಯಬೇಕು.

ಜೂನ್‌ನಲ್ಲಿ ಲಿಯಾನ್‌ನಿಂದ ಒಬ್ಬಳು ಬಂದಳು,
ಬಿಳಿ ಶೂ, ಕೊರಳಲ್ಲಿ ಗುರುತಿನ ಚೀಟಿ.
ಈ ಎಲೆಯೊಳಗೆ ಒಂದು ಕಣವಿದೆಯಂತೆ,
ಅದು ಚರ್ಮದ ಕದ ತಟ್ಟಿ
ಏಳು, ನೂಲು, ಎನ್ನುತ್ತದಂತೆ;
ನಿದ್ದೆ ಹೋದ ಮಗ್ಗ ಮತ್ತೆ ಶುರುವಾಗುತ್ತದಂತೆ.
ಎಂಟು ವಾರ, ರಾತ್ರಿ ಮಲಗುವ ಮುಂಚೆ,
ಬಟಾಣಿಕಾಳಿನಷ್ಟು.
ಭಾಷಾಂತರ ಮಾಡಿದವನು ನಾನೇ,
'ಕಣ' ಎಂಬಲ್ಲಿ ತಡವರಿಸಿದೆ, 'ಬೀಜ' ಅಂದೆ.

ರಸುವಾಜಾನ ಬಾಯಿಗೆ ಸೆರಗಿಟ್ಟು ನಕ್ಕಳು:
"ತಲಪೆಟ್ರಕ ತಾನೇ?
ನಮ್ಮಜ್ಜಿ ಅಗಿದು ಗಾಯಕ್ಕೆ ಮೆತ್ತುತ್ತಿದ್ದಳು.
ಕುಷ್ಠದವರ ಬೆರಳಿಗೆ, ನೊಗ ಉಜ್ಜಿದ ಎತ್ತಿನ ಹೆಗಲಿಗೆ.
ವಯಸ್ಸೂ ಒಂದು ಗಾಯ ಅಂತ
ಅವಳಿಗೆ ಯಾರೂ ಹೇಳಿರಲಿಲ್ಲ."
ಇದನ್ನು ನಾನು ಭಾಷಾಂತರ ಮಾಡಲಿಲ್ಲ.

ಹೊರಡುವಾಗ ಬಂದವಳು ಒಂದು ಟ್ಯೂಬು ಕೊಟ್ಟಳು.
ಅದರ ಬೆಲೆ ನನಗೆ ಗೊತ್ತಿತ್ತು:
ಹದಿನೇಳು ಚೀಲ ಎಲೆ.
ಅದರೊಳಗಿನ ಎಲೆಯೂ ಗೊತ್ತಿತ್ತು:
ಮಗುವಿನ ಬೊಗಸೆಯಷ್ಟೂ ಇಲ್ಲ.
ಎರಡನ್ನೂ ಹೇಳದೆ ಪುಸ್ತಕ ಮುಚ್ಚಿದೆ.

ಆಗಸ್ಟ್‌ನಲ್ಲಿ ಅವಳ ಮನೆಯ ಫಮದಿಹನ.
ಏಳು ವರ್ಷಕ್ಕೊಮ್ಮೆ ಗೋರಿಯ ಕಲ್ಲು ಸರಿಸಿ
ಸತ್ತವರನ್ನು ಹೊರಗೆ ಕರೆತಂದು
ಹಳೆಯ ಬಟ್ಟೆಯ ಮೇಲೆ ಹೊಸ ರೇಷ್ಮೆ ಸುತ್ತುತ್ತೇವೆ,
ರಮ್ಮು ಚಿಮುಕಿಸುತ್ತೇವೆ, ಊರ ಸುದ್ದಿ ಹೇಳುತ್ತೇವೆ,
ತುತ್ತೂರಿ ಕೊಳಲಿನವರು ಬೆವರುವವರೆಗೆ
ಹೆಗಲ ಮೇಲಿಟ್ಟು ಕುಣಿಯುತ್ತೇವೆ.
ಅವಳ ಗಂಡನಿಗೆ ಇದು ನಾಲ್ಕನೆಯ ರೇಷ್ಮೆ.
ಕಟ್ಟು ಪ್ರತಿ ಸಲವೂ ದಪ್ಪ, ಪ್ರತಿ ಸಲವೂ ಹಗುರ.

ಚಾಪೆಯ ಅಂಚಿನಲ್ಲಿ ಕೂತು, ಕಟ್ಟನ್ನು ತೊಡೆಯ ಮೇಲಿಟ್ಟು,
ರಸುವಾಜಾನ ನನ್ನನ್ನು ಕೈಸನ್ನೆಯಿಂದ ಕರೆದಳು.
ಹಳದಿ ಗಂಧವಿಲ್ಲದ ಮುಖ, ತೊಳೆದ ಮುಖ,
ನಾನು ಹಾಗೆ ಕಂಡದ್ದು ಅದೇ ಮೊದಲು.
"ಎಂಟು ವಾರ ಹಚ್ಚಿದೆ, ಒಂದು ರಾತ್ರಿ ಬಿಡಲಿಲ್ಲ.
ಇವನು ನಲವತ್ತಾರಕ್ಕೇ ನಿಂತವನು, ಮಗಾ.
ನಾನು ಒಳಗೆ ಹೋದ ದಿನ
ಯಾರೋ ಮುದುಕಿ ಎಂದು ಜಾಗ ಸರಿದು ಕೊಟ್ಟಾನು,
ಅತ್ತೆಯೋ ಎಂದು ಎದ್ದು ನಿಂತಾನು.
ನೀನು ತೂಕದವನು, ಸರಿಯಾಗಿ ನೋಡಿ ಹೇಳು.
ಗೆರೆ ತಗ್ಗಿದೆಯಾ?"

ನೋಡಿದೆ.
ಕಣ್ಣಂಚಿನಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ,
ಜೌಗಿನಿಂದ ಮನೆಗೆ ನಡೆದ ದಾರಿಗಳೆಲ್ಲ ಅಲ್ಲೇ ಇದ್ದವು.
ಧೂಳು, ಬಿಸಿಲು, ಸ್ವಲ್ಪ ರಮ್ಮು.
ತಕ್ಕಡಿಯ ಮುಳ್ಳು ನಿಲ್ಲಲಿ ಎಂದು
ಕಾಯುವವನ ಹಾಗೆ ಉಸಿರು ಹಿಡಿದೆ.
"ಸ್ವಲ್ಪ," ಅಂದೆ.
ಅವಳು ಕಟ್ಟಿನ ಕಡೆ ಬಾಗಿ ಏನೋ ಹೇಳಿದಳು,
ತುತ್ತೂರಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ಸೋಮವಾರ ಬಂದಳು, ಹಳದಿ ಮುಖ, ಒದ್ದೆ ಚೀಲ.
ಒಂಬತ್ತೂವರೆ ಕಿಲೋ ಇತ್ತು.
ಹತ್ತು ಎಂದು ಬರೆದುಕೊಂಡೆ.