ಇಪ್ಪತ್ತೇಳನೆಯ ಕಿವಿ

ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನ ಗೋಡೆ
ಒಂದೇ ಇಟ್ಟಿಗೆಯ ದಪ್ಪ.
ರಾತ್ರಿಯೆಲ್ಲ ಸಿಗ್ನಲ್ ನೋಡಿ ಬಂದ ಗುರುಶಾಂತ
ಬೆಳಿಗ್ಗೆ ಎಂಟಕ್ಕೆ ಮಲಗಿದನೆಂದರೆ
ನಮ್ಮನೆಯಲ್ಲಿ ಹಗಲು ತುದಿಗಾಲಲ್ಲಿ ನಡೆಯುತ್ತದೆ.
ಒಗ್ಗರಣೆಗೂ ತಟ್ಟೆ ಮುಚ್ಚುತ್ತೇನೆ.

ನನ್ನ ಎರಡು ಸ್ಪೀಕರುಗಳು,
ಮದುವೆಗೆ ಮುಂಚೆ, ನರ್ಸರಿ ಶಾಲೆಯ ಸಂಬಳದಲ್ಲಿ
ಹದಿನಾಲ್ಕು ಕಂತು ಕಟ್ಟಿ ಕೊಂಡವು,
ಟಿವಿಯ ಆಚೆಗೊಂದು ಈಚೆಗೊಂದು ನಿಂತು
ಮನಿಪ್ಲಾಂಟ್ ಹೊತ್ತುಕೊಂಡಿವೆ.
ವೈರು ಬಿಚ್ಚಿ ಮೂರು ವರ್ಷ.

ಹೆಡ್‌ಫೋನ್ ಹಾಕ್ಕೊಳ್ಳೇ, ಅಂದ.
ಹಾಕಿಕೊಂಡೆ. ಪಿಟೀಲು ಎಡಗಿವಿಯಲ್ಲಿ ಬಾಡಿಗೆಗಿತ್ತು,
ಮೃದಂಗ ಬಲಗಿವಿಯಲ್ಲಿ.
ಹಾಡುವವಳು ಎಲ್ಲೂ ಹೋಗಲಾರದೆ
ನನ್ನ ನೆತ್ತಿಯೊಳಗೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.
ಪಾಪ, ಅವಳಿಗೆ ಉಸಿರಾಡಲೂ ಜಾಗವಿಲ್ಲ;
ನನಗೆ ಯೋಚಿಸಲೂ.

ಆಮೇಲೆ ಲ್ಯಾಪ್‌ಟಾಪಿಗೆ ಈ ಸಾಫ್ಟ್‌ವೇರ್ ಬಂತು.
ಎಡದ ಸದ್ದನ್ನು ಅದು ಬಲಗಿವಿಗೂ ಚೂರು ಹಂಚುತ್ತದೆ,
ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ ತಡಮಾಡಿ,
ಚೂರು ಮಂಕು ಮಾಡಿ,
ನಡುವೆ ಒಂದು ತಲೆ ಇದೆಯೆಂಬ ಮರ್ಯಾದೆಗೆ.
ಸದ್ದಿಗೂ ನೆರಳು ಬೀಳುತ್ತದೆ,
ಬೀಳಿಸುವುದು ನಮ್ಮದೇ ತಲೆ
ಎಂದು ನಲವತ್ತೊಂದನೇ ವಯಸ್ಸಲ್ಲಿ ತಿಳಿಯಿತು.

ಆದರೆ ಯಾರ ತಲೆ?
ಅದು ಕೇಳಿತು. ಪಟ್ಟಿಯನ್ನೂ ಕೊಟ್ಟಿತು:
ಯಾವುದೋ ಊರಿನ ಸದ್ದಿಲ್ಲದ ಕೋಣೆಯಲ್ಲಿ
ಕಿವಿಯೊಳಗೆ ಪುಟ್ಟ ಮೈಕು ಇಟ್ಟುಕೊಂಡು
ಅಲ್ಲಾಡದೆ ಕೂತಿದ್ದ ಜನ. ಹೆಸರಿಲ್ಲ, ಬರೀ ನಂಬರು.
ಮೂರರ ಕಿವಿ ಹಾಕಿಕೊಂಡೆ: ಹಾಡು ಸೂರಿಗೆ ಹತ್ತಿತು.
ಹನ್ನೊಂದು: ಬಚ್ಚಲಲ್ಲಿ ಹಾಡಿದ ಹಾಗೆ.
ಹದಿನೆಂಟು: ಪಿಟೀಲಿಗೆ ನೆಗಡಿ.
ಬಳೆ ಅಂಗಡಿಯ ಜರೀನಾ ಅಳತೆ ನೋಡುವ ಹಾಗೆ
ಒಂದೊಂದೇ ಏರಿಸಿ, ಇಳಿಸಿ,
ಇಪ್ಪತ್ತೇಳಕ್ಕೆ ಬಂದೆ.

ಗೋಡೆ ಹಿಂದೆ ಸರಿಯಿತು.
ಹಾಡುವವಳು ನನ್ನ ತಲೆಯಿಂದೆದ್ದು, ಸೆರಗು ಕೊಡವಿ,
ಏಳಡಿ ದೂರ, ಕ್ಯಾಲೆಂಡರಿನ ಕೆಳಗೆ ಹೋಗಿ ಕೂತಳು.
ಪಿಟೀಲು ಎಡದ ಮನಿಪ್ಲಾಂಟಿನ ಬುಡದಿಂದ.
ಮೃದಂಗ ಬಲದ ಪೆಟ್ಟಿಗೆಯಿಂದ, ಎಷ್ಟು ನಿಜ ಎಂದರೆ
ಎದೆ ಧಸಕ್ಕೆಂದು ಹೆಡ್‌ಫೋನು ಕಿತ್ತೆ:
ಅಯ್ಯೋ, ಎದ್ದುಬಿಟ್ಟನೇನೋ!

ಮನೆ ತಣ್ಣಗಿತ್ತು. ಒಳಗೆ ಗೊರಕೆ.
ಹೋಗಿ ಸ್ಪೀಕರಿನ ಬಟ್ಟೆಗೆ ಅಂಗೈ ಒತ್ತಿದೆ,
ಜ್ವರ ನೋಡುವ ಹಾಗೆ.
ಧೂಳು.

ಇಪ್ಪತ್ತೇಳೇ, ಯಾರು ನೀನು?
ಗಂಡಸೋ ಹೆಂಗಸೋ, ಇದ್ದೀಯೋ ಇಲ್ಲವೋ,
ನಿನ್ನ ಕಿವಿಯ ಮಡಿಕೆಗಳಲ್ಲಿ ನನಗೆ ದಾರಿ ಗೊತ್ತು.
ನನ್ನ ಒಡಹುಟ್ಟಿದ ಮೂವರಲ್ಲಿ ಯಾರಿಗೂ ಇಲ್ಲದ ಕಿವಿ
ನಿನಗೆ ಹೇಗೆ ಬಂತು?

ಒಂದೇ ಕೊರತೆ. ಕತ್ತು ತಿರುಗಿಸಿದರೆ
ಇಡೀ ಕಚೇರಿ ನನ್ನ ಜೊತೆಗೇ ತಿರುಗುತ್ತದೆ,
ಹಗ್ಗ ಎಳೆದ ಕಡೆ ಬರುವ ಕರುವಿನಂತೆ.
ಅದಕ್ಕೇ ಅಲ್ಲಾಡದೆ ಕೂರುತ್ತೇನೆ,
ನಾನೂ ಒಂದು ನಂಬರಿನ ಹಾಗೆ.

ನಿನ್ನೆ ಮಧ್ಯಾಹ್ನ ಗೂಡ್ಸ್ ಗಾಡಿ ಹೋದಮೇಲೆ
ಹಾಡುವವಳ ಪಕ್ಕದಲ್ಲೇ ಯಾರೋ ಕೆಮ್ಮಿ
"ಟೀ ಐತಾ?" ಅಂದರು.
ಕಚೇರಿಯಲ್ಲಿ ಇದೆಂಥ ಪ್ರಶ್ನೆ ಅನ್ನಿಸಿದರೂ
ಮನಿಪ್ಲಾಂಟಿಗೇ ಉತ್ತರ ಕೊಟ್ಟೆ:
"ಐತೆ, ಬಿಸಿ ಮಾಡಬೇಕು."

ಬೆನ್ನ ಹಿಂದೆ ನಗು.
ಲುಂಗಿ ಬಿಗಿದುಕೊಳ್ಳುತ್ತ ಗುರುಶಾಂತ,
"ಯಾರ ಜೊತೆ ಮಾತು?"
ಹೆಡ್‌ಫೋನು ತೆಗೆದು ಅವನ ಕಿವಿಗಿಟ್ಟೆ.
ಕೇಳಿದ, ಹುಬ್ಬು ಗಂಟಿಕ್ಕಿ, ಸೂರು ನೋಡಿ:
"ತಲೆ ಮೇಲಿಂದ ಬರ್ತೈತಲ್ಲೇ."

ಅವನ ನಂಬರು ಬೇರೆ.
ಟೀ ಕಾಯಲಿಟ್ಟು
ಒಂದರಿಂದ ಶುರು ಮಾಡಿದೆವು.