ಹದಿನಾಲ್ಕನೇ ನಂಬರಿನ ಇರಿವಿ

ಬಸಿ ಮಗಚಿ ನೋಡ್ರಿ ಮೊದಲ.
ಬುಡದಾಗ ಕೂದಲೆಳಿಯಂಥಾ ಹದಿನಾಲ್ಕು ಅಂತಿದ್ರ
ಅದು ಬೆಟಗೇರಿ ಸಲೋಮಿಬಾಯಾರ ಕೈ.
ಹೆಸರು ಬರಿಯೂ ಹಂಗಿರಲಿಲ್ಲ, ನಂಬರಷ್ಟ.

ನಾ ಭಟ್ಟಿಯವ. ಇಪ್ಪತ್ತಾರು ವರ್ಷ
ಅವ್ರು ಬರದದ್ದನ್ನ ಬೆಂಕಿಗೆ ಕೊಟ್ಟವ.
ಹಚ್ಚೂ ಮುಂದ ಗುಲಾಬಿ ಗುಲಾಬಿ ಅಲ್ಲ,
ತೊಯ್ದ ಬೂದಿಯಂಥಾ ಬಣ್ಣ. ಬಂಗಾರಂತೂ ಕಾಕಂಬಿ.
ಎಂಟುನೂರು ಡಿಗ್ರಿಗೆ ಏನಾಗ್ತೈತಿ ಅನ್ನೂದನ್ನ
ಕಣ್ಣಾಗ ಇಟಗೊಂಡು, ಕಾಣದ್ದನ್ನ ಬರೀಬೇಕು.
ಅಳಿಲ ಕೂದಲಿನ ಕುಂಚ, ಟರ್ಪೆಂಟೈನ್ ವಾಸನಿ,
ಉಸಿರು ಹಿಡದು ಒಂದು ದೇಟು;
ಉಸಿರು ಬಿಟ್ಟು, ನನ್ನ ಕಡೆ ಸರಿಸಿ:
"ಮೌಲಾಸಾಬ, ಇನ್ನ ನಿನ್ನ ಪಾಲು."

ಎಲ್ಲಾ ಪುಸ್ತಕದಾಗಿನ ಹೂವು, ಪರದೇಶದ್ದು.
ಹೆಸರು ಯಾರ ಬಾಯಾಗೂ ಹೊಳ್ಳತಿರಲಿಲ್ಲ.
ಅವಕ್ಕ ವಾಸನಿ ಐತೋ ಇಲ್ಲೋ
ಇಬ್ಬರಿಗೂ ಗೊತ್ತಿರಲಿಲ್ಲ. ಡಜನ್ನಿಗಿಷ್ಟು ಅಂತ ಕೂಲಿ.

ಒಂದು ಬನದ ಹುಣ್ಣಿವಿ ಹೊತ್ತಿಗೆ
ಗದಗ ಪ್ಯಾಸೆಂಜರ್ ಅಣ್ಣಿಗೇರಿಯಾಗ ಕ್ರಾಸಿಂಗಿಗೆ ನಿಂತಾಗ
ಬದುವಿಗೆ ಇಳದು ಒಂದು ಹತ್ತಿ ಹೂ ಹರಕೊಂಡು ಬಂದ್ರು.
ನಿಂಬಿ ಹಳದಿ, ನಡುವ ರಕ್ತದ ಬೊಟ್ಟು.
ನೀರಿನ ವಾಟಗದಾಗ ಇಟ್ರು.
ಸಂಜಿ ಸೈರನ್ ಆಗೂದ್ರಾಗ ಹೂ ಕೆಂಪೇರಿತ್ತು.
ಹೊಟ್ಟಿ ಹಿಡಕೊಂಡು ನಕ್ರು:
"ಇದರ ಭಟ್ಟಿ ಎಲ್ಲೈತಿ ಹೇಳೋ, ಮೌಲಾಸಾಬ?"

ಆರು ಬಸಿಗೆ ಬರದ್ರು. ಮೂರು ಹಳದಿ, ಮೂರು ಗುಲಾಬಿ,
ಎಲ್ಲಾ ಒಂದ ಗಿಡದ್ದು.
ಸಾಹೇಬ್ರು ಬೆಳಕಿಗೆ ಹಿಡದು ನೋಡಿ,
"ಹತ್ತಿ ಹೊಲ ಕಂಡಾವ್ರು ಇಂಥಾ ಬಸಿ ಕೊಳ್ಳಂಗಿಲ್ಲ,
ಕೊಳ್ಳಾವ್ರು ಹತ್ತಿ ಹೊಲ ಕಂಡಿಲ್ಲ" ಅಂದ್ರು.
ಆರು ಬಸಿ ರೊಕ್ಕ ಅವ್ರ ಕೂಲಿಯಾಗ ಮುರಕೊಂಡ್ರು.

ಇರಿವಿ ಮಾತು ಹೇಳೂದು ಮರತೆ.
ಮೆರುಗಿನಾಗ ಸೂಜಿಮೊನಿಯಷ್ಟು ತೂತು ಬಿದ್ದಿದ್ರ
ಅದು ನನ್ನ ತಪ್ಪು; ಮಾಲು ಸೆಕೆಂಡ್ಸ್.
ಬಾಯಾರು ಆ ತೂತಿನ ಮ್ಯಾಲೆ
ಒಂದು ಇರಿವಿ ಕೂಡಿಸತಿದ್ರು.
ಆರು ಕಾಲು, ಎರಡು ಮೀಸಿ, ಹೂವಿನ ಕಡೆ ಹೊಂಟಂಗ.
ಎಷ್ಟು ಇರಿವಿ ನನ್ನ ಪಗಾರ ಕಾದ್ವೋ ಲೆಕ್ಕಿಟ್ಟಿಲ್ಲ.

ಆಮ್ಯಾಲೆ ಹಾಳಿ ಬಂತು. ನೀರಾಗ ನೆನಸಿ ಅಂಟಿಸೂದು.
ತಾಸಿಗೆ ನೂರು ಬಸಿ, ನೂರಕ್ಕೂ ಒಂದ ಹೂ.
ಬಾಯಾರನ್ನ ಪ್ಯಾಕಿಂಗಿಗೆ ಹಾಕಿದ್ರು, ಹುಲ್ಲು ತುರುಕಾಕ.
ಎರಡು ವರ್ಷ ತುರುಕಿದ್ರು.
ಕುಂಚ ನನಗ ಕೊಟ್ಟು ಹೋದ್ರು.
ನಾ ಅದರಿಂದ ಏನು ಮಾಡ್ಲಿ, ಚಷ್ಮಾದ ಧೂಳ ಒರಸತೀನಿ.

ಮೊನ್ನೆ ಹುಬ್ಬಳ್ಳ್ಯಾಗ ಬೀಗರ ಮನಿಗೆ ಹೋದಾಗ ಚಾ ಬಂತು.
ಬೀಗತಿ ಬಗ್ಗಿ, "ಅಯ್ಯ, ಇರಿವಿ!" ಅಂತ
ಉಗುರಿಲೆ ಝಾಡಿಸಿದ್ರು. ಅಲಗಲಿಲ್ಲ.
ಮತ್ತೊಮ್ಮೆ ಝಾಡಿಸಿದ್ರು.
ನಾ ಏನೂ ಅನ್ನಲಿಲ್ಲ. ಬಸಿಗೆ ಚಾ ಸುರುವಿಕೊಂಡೆ.
ಮುಳಿಗಿತು. ಕುಡದು ಮುಗಿಸಿದೆ. ಅಲ್ಲೇ ಇತ್ತು,
ಹೂವಿಗೆ ಇನ್ನೂ ಎರಡು ಬಟ್ಟು ದೂರ.